ಸದ್ದಡಗಿದ ಕಾರು

ಶನಿವಾರ ಮಧ್ಯಾಹ್ನ ಒಂದು ಗಂಟೆ ಐವತ್ತು ನಿಮಿಷಕ್ಕೆ ಠಾಣೆಯ ಮೆಟ್ಟಿಲು ಹತ್ತಿದ ಹುಡುಗಿಯ ಕೈಯಲ್ಲಿ ಪರೀಕ್ಷೆಯ ಪ್ರವೇಶಪತ್ರ ಇನ್ನೂ ಹಾಗೇ ಇತ್ತು. ದಫೇದಾರ್ ದೂರು ಬರೆಯಲು ಕಾಗದ ಕೊಟ್ಟರು. ಅವಳು ಮೂರು ಸಾಲು ಬರೆದು ನಿಲ್ಲಿಸಿದಳು. ಉಳಿದದ್ದನ್ನು ಅವಳು ಹೇಳಿದಂತೆ ದಫೇದಾರರೇ ಬರೆದುಕೊಂಡರು.

ಅವಳ ಅಣ್ಣನಿಗೆ ಇಪ್ಪತ್ತೇಳು ವರ್ಷ. ಲಿಫ್ಟ್ ರಿಪೇರಿ ಕೆಲಸ. ಬೆಳಿಗ್ಗೆ ಏಳೂವರೆಗೆ ಅವಳನ್ನು ಕಾರಿನಲ್ಲಿ ಪರೀಕ್ಷಾ ಕೇಂದ್ರಕ್ಕೆ ಕರೆತಂದಿದ್ದ. ಮುಗಿಯುವವರೆಗೂ ಅಲ್ಲೇ ಇರುತ್ತೇನೆ ಎಂದಿದ್ದ. ಒಂದು ಗಂಟೆಗೆ ಅವಳು ಹೊರಬಂದಾಗ ಕಾರಿನ ಇಂಜಿನ್ ಓಡುತ್ತಿತ್ತು, ಗಾಜುಗಳು ಮುಚ್ಚಿದ್ದವು, ಅಣ್ಣ ಸೀಟು ಹಿಂದಕ್ಕೆ ಬಾಗಿಸಿಕೊಂಡು ಮಲಗಿದ್ದ. ಗಾಜು ತಟ್ಟಿದಳು, ಬೈದಳು, ಆಮೇಲೆ ಕಾವಲುಗಾರನನ್ನು ಕರೆದು ಗಾಜು ಒಡೆಸಿದಳು. ಆಸ್ಪತ್ರೆಗೆ ಸಾಗಿಸುವ ಮೊದಲೇ ಪ್ರಾಣ ಹೋಗಿತ್ತು.

"ಮುಖ ಕೆಂಪಗಿತ್ತು ಸಾರ್," ಎಂದಳು. "ಸತ್ತವರ ಮುಖ ಬಿಳಿಚಿಕೊಳ್ಳುತ್ತೆ ಅಲ್ವಾ? ಇವನದು ಕೆಂಪಗಿತ್ತು. ಬದುಕಿದಾನೆ ಅಂದ್ಕೊಂಡೆ."

ಇನ್‌ಸ್ಪೆಕ್ಟರ್ ಅಸಹಜ ಮರಣವೆಂದು ಪ್ರಕರಣ ದಾಖಲಿಸಿಕೊಂಡು, ಎರಡೂವರೆಗೆ ದಫೇದಾರ್ ಮತ್ತು ಮಹಿಳಾ ಪೇದೆಯೊಂದಿಗೆ ಸ್ಥಳಕ್ಕೆ ಹೋದರು. ಕಾವಲುಗಾರ ಮತ್ತು ಪಕ್ಕದ ಅಂಗಡಿಯವನನ್ನು ಪಂಚರನ್ನಾಗಿ ನಿಲ್ಲಿಸಿ ಪಂಚನಾಮೆ ಬರೆಸಿದರು. ಕಡುನೀಲಿ ಬಣ್ಣದ ಹಳೆಯ ಕಾರು. ಹಿಂದುಗಡೆ ತೋಳಿನಷ್ಟು ದಪ್ಪದ, ಹೊಳೆಯುವ ಹೊಗೆಕೊಳವೆ. ಎ.ಸಿ. ಗುಂಡಿ ಒಳಗಾಳಿಯನ್ನೇ ತಿರುಗಿಸುವ ಕಡೆಗಿತ್ತು. ಡಿಕ್ಕಿಯಲ್ಲಿ ಗೋಣಿಚೀಲದಲ್ಲಿ ಸುತ್ತಿದ, ತುಕ್ಕು ಹಿಡಿದ ಕಂಪನಿ ಸೈಲೆನ್ಸರ್ ಒಂದು. ಪತ್ರ, ಔಷಧಿ, ಬಾಟಲಿ ಏನೂ ಇಲ್ಲ.

"ಆತ್ಮಹತ್ಯೆ ಅನ್ಸುತ್ತಾ ಸಾರ್?" ದಫೇದಾರ್ ಕೇಳಿದರು.

"ತಂಗಿ ಪರೀಕ್ಷೆ ಬರೀತಿರೋವಾಗ ಹೊರಗೆ ಕೂತು ಸಾಯ್ತಾರೇನ್ರಿ?"

ಇನ್‌ಸ್ಪೆಕ್ಟರ್ ಹುಡುಗಿಯನ್ನು ನೆರಳಿಗೆ ಕರೆದು ಕೂರಿಸಿದರು.

"ಬರೋವಾಗ ಏನಾದ್ರೂ ವ್ಯತ್ಯಾಸ ಇತ್ತಾಮ್ಮ?"

"ಗಾಡಿ ಯಾಕೋ ಮೆತ್ತಗಿದೆ ಅಂದ. ದಿನಾ ಬೀದಿಗೆಲ್ಲ ಕೇಳೋ ಹಂಗೆ ಗುಡುಗೋದು, ಇವತ್ತು ಬೆಕ್ಕಿನ ಥರ ಇತ್ತು. ಎಳೀತಾನೂ ಇಲ್ಲ, ಸೋಮವಾರ ಗ್ಯಾರೇಜಿಗೆ ತೋರಿಸ್ತೀನಿ ಅಂದ."

"ನಿಮಗೆ ಏನಾದ್ರೂ ಆಯ್ತಾ?"

"ತಲೆ ನೋವು ಬಂತು ಸಾರ್. ಪರೀಕ್ಷೆ ಭಯ ಅಂದ್ಕೊಂಡೆ. ಗಾಜು ಇಳಿಸ್ಕೊಂಡು ಬಂದೆ." ಆ ಮಾತಿನ ಅರ್ಥ ಅವಳಿಗೆ ಹೇಳುತ್ತ ಹೇಳುತ್ತಲೇ ಹೊಳೆಯಿತೆಂದು ಕಾಣುತ್ತದೆ. "ನಾನೇ ಅವನಿಗೆ ಬಿಸಿಲಲ್ಲಿ ಗಾಜು ತೆಗೆದಿಟ್ಕೊಂಡು ಕೂರಬೇಡ, ಎ.ಸಿ. ಹಾಕ್ಕೋ ಅಂತ ಹೇಳಿ ಹೋದೆ."

ಇನ್‌ಸ್ಪೆಕ್ಟರ್ ಅವಳನ್ನು ಮಹಿಳಾ ಪೇದೆಯ ಜೊತೆ ಮನೆಗೆ ಕಳಿಸಿದರು.

ಭಾನುವಾರ ಹನ್ನೊಂದಕ್ಕೆ ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಫೋನಿನಲ್ಲೇ ಹೇಳಿದರು. ರಕ್ತದ ತುಂಬ ಇಂಜಿನ್ ಹೊಗೆಯ ಕಾರ್ಬನ್ ಮಾನಾಕ್ಸೈಡ್, ಮುಖ ಕೆಂಪಾದದ್ದೂ ಅದರಿಂದಲೇ. ವಾಸನೆಯಿಲ್ಲ, ಬಣ್ಣವಿಲ್ಲ. ಮೊದಲು ತಲೆನೋವು, ಆಮೇಲೆ ನಿದ್ದೆ. "ಒದ್ದಾಡಿರಲ್ಲ," ಎಂದರು, ಅದನ್ನು ಮನೆಯವರಿಗೆ ತಿಳಿಸಲಿ ಎಂಬಂತೆ.

ಸೋಮವಾರ ಬೆಳಿಗ್ಗೆ ಗ್ಯಾರೇಜಿನವನನ್ನು, ಕಾರು ತಂದು ನಿಲ್ಲಿಸಿದ್ದ ಠಾಣೆಯ ಹಿತ್ತಲಿಗೆ ಕರೆಸಲಾಯಿತು. ಸೈಲೆನ್ಸರ್ ಬದಲಿಸುವುದೇ ಅವನ ಕಸುಬು. ಅವನ ಕೈ ತಾಗಿದ ಗಾಡಿಗಳು ಮಾಡುವ ಸದ್ದಿನಿಂದಾಗಿ ಊರೆಲ್ಲ ಅವನನ್ನು ಗುಡುಗು ಎಂದೇ ಕರೆಯುತ್ತಿತ್ತು.

"ಈ ಸೈಲೆನ್ಸರ್ ಹಾಕಿದ್ದು ನೀನಾ?"

"ಬರೀ ಸೈಲೆನ್ಸರ್ ಅಲ್ಲ ಸಾರ್, ಇಡೀ ಎಕ್ಸಾಸ್ಟ್ ಸೆಟ್ಟು. ಇಂಜಿನ್ನಿಂದ ಹಿಂದಿನವರೆಗೂ ಅಗಲದ ಪೈಪು. ಇಂಜಿನ್ ಸಲೀಸಾಗಿ ಉಸಿರು ಬಿಡುತ್ತೆ, ಪಿಕಪ್ ಬರುತ್ತೆ."

"ಎಷ್ಟು ಬಂತು?"

"ಡಬ್ಬದ ಮೇಲೆ ಹತ್ತು ಹಾರ್ಸ್‌ಪವರ್ ಅಂತ ಬರೆದಿರುತ್ತೆ."

"ರಸ್ತೆ ಮೇಲೆ?"

"ಸದ್ದು ಜಾಸ್ತಿ ಬಂದ್ರೆ ಜೋರಾಗಿ ಹೋಗ್ತಿದೀವಿ ಅನ್ಸುತ್ತೆ ಸಾರ್. ಬಂದವರು ಖುಷಿಯಾಗಿ ಹೋಗ್ತಾರೆ."

ಸಾರಿಗೆ ಇಲಾಖೆಯ ತಪಾಸಣಾಧಿಕಾರಿ ಕಾರನ್ನು ಮೇಲೆತ್ತಿಸಿ ಕೆಳಗೆ ಮಲಗಿದರು. ಹೊಗೆಯ ವಿಷ ತೆಗೆಯುವ ಕನ್ವರ್ಟರ್ ಡಬ್ಬಿಯನ್ನೇ ಕತ್ತರಿಸಿ ಹಾಕಿದ್ದರು. ಪೈಪಿನ ನಡುವೆ ಬೇಕಾದಾಗ ಸದ್ದು ಹೆಚ್ಚಿಸಲು ವಾಲ್ವ್ ಒಂದನ್ನು ಕೂಡಿಸಿ, ಅದರ ತಂತಿ ಎಳೆಯಲು ಚಾಲಕನ ಸೀಟಿನಡಿ ತೂತು ಕೊರೆದಿದ್ದರು. ಹೊಗೆ ಒಳಬರದಂತೆ ತೂತು ಮುಚ್ಚುವ ರಬ್ಬರ್ ಹಾಕಿರಲಿಲ್ಲ. ವಾಲ್ವಿನ ಜೋಡಣೆಯ ಸುತ್ತ ಮಸಿ ಹೊಸದಾಗಿ ಮೆತ್ತಿತ್ತು.

"ರಬ್ಬರ್ ಎಲ್ಲಿ?" ಇನ್‌ಸ್ಪೆಕ್ಟರ್ ಕೇಳಿದರು.

ಗುಡುಗು ಕಣ್ಣೊರೆಸಿಕೊಂಡ. "ಅವತ್ತು ಇರ್ಲಿಲ್ಲ ಸಾರ್. ಆಮೇಲೆ ಬಾ ಅಂದಿದ್ದೆ. ನಾಲ್ಕು ತಿಂಗಳು ಏನೂ ಆಗಿರ್ಲಿಲ್ಲವಲ್ಲ ಸಾರ್, ಈಗ ಹೆಂಗಾಯ್ತು?"

ಅಧಿಕಾರಿಗೂ ಅದೇ ಸಂಶಯ. ಹಿಂದುಗಡೆ ದಾರಿ ತೆರೆದಿರುವಾಗ ಹೊಗೆ ವಾಲ್ವಿನ ಜೋಡಣೆಯಿಂದ ಇಷ್ಟು ರಭಸವಾಗಿ ನುಗ್ಗಬಾರದು. ಅವರು ಹಿಂದಿನ ಕೊಳವೆಯೊಳಗೆ ಬೆರಳು ತೂರಿಸಿದರು, ಆಮೇಲೆ ಇಕ್ಕಳ ಹಾಕಿ ಎಳೆದರು. ಗೇಣುದ್ದದ ಬಟ್ಟೆಯ ದಿಂಡೊಂದು ಹೊರಬಂತು. ಹೊರಗೆ ಜೀನ್ಸ್ ಬಟ್ಟೆ, ಒಳಗೆ ಹತ್ತಿ, ಸುತ್ತ ತಂತಿಯ ಬಲೆ. ನಡುವೆ ಉದ್ದಕ್ಕೂ ಎರಡು ಬೆರಳು ಹಿಡಿಸುವಷ್ಟು ಸುರಂಗ ಬಿಟ್ಟು ಅಂಚನ್ನು ಹೊಲಿಯಲಾಗಿತ್ತು. ಕಾವಿಗೆ ಹತ್ತಿ ಕರಕಲಾಗಿ ಕುಸಿದು ಆ ಸುರಂಗ ಮುಚ್ಚಿಹೋಗಿತ್ತು.

"ಇದು ನಿನ್ನ ಕೆಲಸವಾ?"

"ಅಯ್ಯೋ, ದೇವರಾಣೆ ಇಲ್ಲ ಸಾರ್! ಅವನೇ ಹಳೇ ಸೈಲೆನ್ಸರ್ ವಾಪಸ್ ಹಾಕಿಸ್ಕೋತೀನಿ ಅಂತ ಗುರುವಾರ ಫೋನ್ ಮಾಡಿದ್ದ. ಇವತ್ತು, ಸೋಮವಾರಕ್ಕೆ ಬಾ ಅಂದಿದ್ದೆ. ಡಿಕ್ಕೀಲಿ ಇಟ್ಕೊಂಡಿರ್ತಾನೆ ನೋಡಿ."

"ಯಾಕೆ ವಾಪಸ್?"

"ಪಕ್ಕದ ಮನೇಲಿ ಒಬ್ರು ಅಕ್ಕ ಇದಾರಂತೆ, ಈ ಸದ್ದಿಗೆ ಫಿಟ್ಸ್ ಬಂದು ಬೀಳ್ತಾರಂತೆ. ಮೊನ್ನೆ ಬಿದ್ದು ಹಲ್ಲು ಮುರ್ಕೊಂಡ್ರಂತೆ. ನನಗೆ ಗೊತ್ತೇ ಇರ್ಲಿಲ್ಲ ಅಣ್ಣ, ಅಮ್ಮ ಬೈದ್ಮೇಲೆ ಗೊತ್ತಾಯ್ತು ಅಂದ. ಹಾಕಿಸ್ಬಿಟ್ಟು ಅವರಪ್ಪನಿಗೆ ಹೇಳ್ತೀನಿ, ಮುಂಚೇನೇ ಹೋಗಿ ನಿಲ್ಲೋಕೆ ಮುಖ ಇಲ್ಲ ಅಂದ."

ಮಹಿಳಾ ಪೇದೆ ಆ ದಿಂಡನ್ನು ಕಾಗದದ ಮೇಲೆ ಹೊರಳಿಸಿ ನೋಡುತ್ತಿದ್ದಳು.

"ಸಾರ್, ಇದರ ಮೂಲೆ ನೋಡಿ. ಹೊಲಿಗೆ ಮುಗಿಯೋ ಕಡೆ ಸಣ್ಣ ತ್ರಿಕೋನ ಹಾಕಿದಾರೆ, ಬಿಚ್ಚಬಾರದು ಅಂತ." ತನ್ನ ಸಮವಸ್ತ್ರದ ಜೇಬಿನ ಮೂಲೆ ತೋರಿಸಿದಳು. ಅಲ್ಲಿಯೂ ಅದೇ ತ್ರಿಕೋನ. "ಹರಿದಾಗ ಹೊಲಿದುಕೊಟ್ಟಿದ್ದು ದರ್ಜಿ ತಾತ. ಆ ಹುಡುಗನ ಬೀದಿಯಲ್ಲೇ ಅವರ ಮನೆ. ಮಗಳಿಗೆ ಫಿಟ್ಸ್ ಬರುತ್ತೆ."

ಮಧ್ಯಾಹ್ನ ಇನ್‌ಸ್ಪೆಕ್ಟರ್ ಅರ್ಜಿಗಳ ಕಡತ ತರಿಸಿದರು. ದರ್ಜಿಯ ಅರ್ಜಿಗಳು ಮೂರು ಇದ್ದವು. ಎಲ್ಲವೂ ಮುದ್ದಾದ ಅಕ್ಷರ. ಮೊದಲನೆಯದರಲ್ಲಿ 'ದಯವಿಟ್ಟು' ಎಂಬ ಪದ ಒಮ್ಮೆ ಇತ್ತು, ಮೂರನೆಯದರಲ್ಲಿ ಐದು ಸಲ. ಮೂರರ ಮೇಲೂ 'ಎದುರುದಾರನಿಗೆ ಎಚ್ಚರಿಕೆ ನೀಡಿ ಮುಕ್ತಾಯಗೊಳಿಸಲಾಗಿದೆ' ಎಂಬ ಷರಾ. ಕೆಳಗೆ ಇನ್‌ಸ್ಪೆಕ್ಟರರದೇ ಸಹಿ.

"ಎಚ್ಚರಿಕೆ ಕೊಟ್ಟಿದ್ದು ಯಾರು?"

ದಫೇದಾರ್ ತಲೆ ತಗ್ಗಿಸಿದರು. "ಕರೆಸ್ಲಿಲ್ಲ ಸಾರ್. ಆ ವಾರ ಬಂದೋಬಸ್ತಿತ್ತು. ಸದ್ದಿನ ಅರ್ಜಿ ತಾನೇ ಅಂತ..."

"ನಾನೂ ಓದಲಿಲ್ಲ, ಸಹಿ ಹಾಕಿದೆ." ಇನ್‌ಸ್ಪೆಕ್ಟರ್ ಮೂರನ್ನೂ ಹೊರತೆಗೆದು ಪ್ರಕರಣದ ಕಡತಕ್ಕೆ ಸೇರಿಸಿದರು. "ಇವಕ್ಕೂ ಪುಟಸಂಖ್ಯೆ ಹಾಕಿ. ಕೋರ್ಟಿಗೆ ಹೋಗಲಿ."

"ನಿಮಗೆ ತೊಂದರೆ ಆಗುತ್ತೆ ಸಾರ್."

"ಆಗಲಿ ಬಿಡಿ."

ಸಂಜೆ ನಾಲ್ಕು ಗಂಟೆಗೆ ಎಫ್‌ಐಆರ್ ದಾಖಲಾಯಿತು. ನಿರ್ಲಕ್ಷ್ಯಕ್ಕಾಗಿ ಗ್ಯಾರೇಜಿನವನ ಹೆಸರು ಅದರಲ್ಲಿ ಸೇರಿತು, ಅವನನ್ನು ಅಂದೇ ಬಂಧಿಸಲಾಯಿತು. ದಿಂಡು ಇಟ್ಟವರ ಜಾಗದಲ್ಲಿ 'ಅಪರಿಚಿತ' ಎಂದು ಬರೆದರು, ಮರುದಿನ ಬೆಳಿಗ್ಗೆಯವರೆಗೆ.

ಮಂಗಳವಾರ ಹತ್ತು ಗಂಟೆ ಇಪ್ಪತ್ತು ನಿಮಿಷಕ್ಕೆ ದರ್ಜಿಯ ಮನೆ ತಲುಪಿದಾಗ ಅವರು ಬಾಗಿಲು ತಟ್ಟಲಿಲ್ಲ. ತಟ್ಟಬೇಡಿ ಎಂದು ಮಹಿಳಾ ಪೇದೆ ಮೊದಲೇ ಹೇಳಿದ್ದಳು. ಅವಳು ಮೆಲ್ಲಗೆ ಕರೆದಳು. ಬಾಗಿಲು ತೆರೆದ ಮುದುಕನ ಕೊರಳಲ್ಲಿ ಅಳತೆಪಟ್ಟಿ ಇತ್ತು.

ಒಂದೇ ಕೋಣೆ. ಬೀದಿಯ ಕಡೆಯ ಕಿಟಕಿಗೆ ಚಿಂದಿ ಬಟ್ಟೆಗಳ ಕೌದಿ ಹೊದಿಸಿ ಮೊಳೆ ಹೊಡೆದಿತ್ತು. ಅದರ ಮೇಲೆ ಇನ್ನೊಂದು ಕೌದಿ, ಅದರ ಮೇಲೆ ಮತ್ತೊಂದು. ಗೋಡೆಗೂ ಅಷ್ಟೇ. ಮೇಜಿನ ಕಾಲುಗಳಿಗೆ, ಮಂಚದ ಅಂಚುಗಳಿಗೆ ಹತ್ತಿ ತುಂಬಿದ ಬಟ್ಟೆ ಸುತ್ತಿ ಹೊಲಿದಿದ್ದ. ಪ್ರತಿ ಹೊಲಿಗೆಯ ಕೊನೆಗೂ ತ್ರಿಕೋನ. ಮೂವತ್ತು ದಾಟಿದ ಮಗಳು ಚಾಪೆಯ ಮೇಲೆ ಕೂತು ಗುಂಡಿಗಳನ್ನು ಬಣ್ಣದ ಪ್ರಕಾರ ವಿಂಗಡಿಸುತ್ತಿದ್ದಳು. ಮೇಲಿನ ತುಟಿಯಲ್ಲಿ ಒಣಗುತ್ತಿರುವ ಗಾಯ.

ಇನ್‌ಸ್ಪೆಕ್ಟರ್ ದಿಂಡಿನ ಫೋಟೋ ತೋರಿಸಿದರು. "ಇದು ನಿಮ್ಮದಾ ಯಜಮಾನರೇ?"

"ನಂದೇ," ಎಂದ ದರ್ಜಿ. "ನೀವು ಶನಿವಾರಾನೇ ಬರ್ತೀರಿ ಅಂದ್ಕೊಂಡಿದ್ದೆ. ನಾನೇ ಬರ್ತಿದ್ದೆ ಸಾರ್. ಇವಳನ್ನ ಯಾರ ಹತ್ರ ಬಿಡೋದು?"

ಆ ಪ್ರಶ್ನೆಗೆ ಇಲಾಖೆಯಲ್ಲಿ ಉತ್ತರವಿತ್ತು, ಆದರೆ ಅದು ಒಳ್ಳೆಯ ಉತ್ತರವಾಗಿರಲಿಲ್ಲ. ಆಶ್ರಯ ಕೇಂದ್ರದ ಗಾಡಿ ಹನ್ನೊಂದಕ್ಕೆ ಬಂತು. ದರ್ಜಿ ಮಹಿಳಾ ಪೇದೆಗೆ ಮಾತ್ರೆಗಳ ಡಬ್ಬಿ ಕೊಟ್ಟು ಬೆಳಿಗ್ಗೆಯದು ಯಾವುದು, ರಾತ್ರಿಯದು ಯಾವುದು ಎಂದು ಎರಡೆರಡು ಸಲ ಹೇಳಿದ. ಮಗಳು ಗುಂಡಿಗಳನ್ನು ಬಿಟ್ಟು ಏಳಲಿಲ್ಲ. "ಅಪ್ಪ, ಬಿಳೀದು ಇನ್ನೂ ಮುಗ್ದಿಲ್ಲ," ಎಂದಳು.

"ಆಮೇಲೆ ಮಾಡುವಂತೆ ಬಾರವ್ವ," ಎಂದು ಅವನು ಅವಳ ಕೈಹಿಡಿದು ಗಾಡಿಯವರೆಗೆ ನಡೆಸಿದ. ಗಾಡಿಯ ಬಾಗಿಲನ್ನು ತಾನೇ ಸದ್ದಾಗದಂತೆ ಒತ್ತಿ ಮುಚ್ಚಿದ. ಆಮೇಲೆ ತಿರುಗಿ ಪೊಲೀಸರ ಜೀಪು ಹತ್ತಿದ.

ಹೇಳಿಕೆ ಬರೆದುಕೊಳ್ಳಲು ಹನ್ನೆರಡು ಗಂಟೆಗೆ ಕೂತರು.

"ದಿಂಡು ಇಟ್ಟಿದ್ದು ಯಾವಾಗ?"

"ಶುಕ್ರವಾರ ಸಾಯಂಕಾಲ. ಅವನು ಗಾಡಿ ನಿಲ್ಲಿಸಿ ಒಳಗೆ ಹೋದ. ಚಪ್ಪಲಿ ಸರಿಮಾಡ್ಕೊಳ್ಳೋ ಥರ ಬಗ್ಗಿ ತುರುಕಿದೆ."

"ಅವನ ಮೇಲೆ ಸಿಟ್ಟಿತ್ತಾ?"

"ಸಿಟ್ಟು ಇತ್ತು. ಸಾಯಲಿ ಅಂತ ಇರ್ಲಿಲ್ಲ. ಇಂಜಿನ್ನು ನಿಲ್ಲಬಾರದು ಅಂತಾನೇ ಮಧ್ಯೆ ತೂತು ಬಿಟ್ಟು ಹೊಲಿದೆ. ಕೆಲಸಕ್ಕೆ ಹೋಗೋ ಹುಡುಗ, ದಾರೀಲಿ ನಿಂತುಹೋದ್ರೆ ತೊಂದರೆ ಅಲ್ವಾ. ಮೂರು ರಾತ್ರಿ ಹೊಲಿದೆ."

"ಅವನಿಗೇ ಹೋಗಿ ಹೇಳ್ಬಹುದಿತ್ತು."

"ಮೊದಲನೇ ವಾರ ಹೋಗಿದ್ದೆ ಸಾರ್. ಕಿವಿಗೆ ಏನೋ ಸಿಗಿಸ್ಕೊಂಡು ಗಾಡಿ ಒರೆಸ್ತಿದ್ದ. ನನ್ನ ನೋಡಿ ಚೆನ್ನಾಗಿದೆಯಾ ತಾತ ಅಂತ ನಕ್ಕ. ಏನು ಹೇಳೋಕೂ ನಾಲಿಗೆ ಬರ್ಲಿಲ್ಲ. ಆಮೇಲೆ ನಿಮ್ಮ ಹತ್ರ ಬಂದೆ."

ಇನ್‌ಸ್ಪೆಕ್ಟರ್ ಕಿಟಕಿಯ ಕಡೆ ನೋಡಿದರು. ಗ್ಯಾರೇಜಿನವನ ಹೇಳಿಕೆ ಅವರ ಮುಂದೆಯೇ ಇತ್ತು. ಹುಡುಗ ಸೋಮವಾರ ಹಳೆಯ ಸೈಲೆನ್ಸರ್ ಹಾಕಿಸಲಿದ್ದ ಎಂಬುದು ಒಂದಲ್ಲ ಒಂದು ದಿನ ನ್ಯಾಯಾಲಯದಲ್ಲಿ ಈ ಮನುಷ್ಯನೆದುರು ಓದಲ್ಪಡುತ್ತದೆ. ಅದನ್ನು ಇಂದೇ ಹೇಳಲು ಅವರಿಗೆ ಬಾಯಿ ಬರಲಿಲ್ಲ. ಹಾಳೆಯನ್ನು ಮಗುಚಿ ಹಾಕಿದರು.

"ಬೇರೆ ಏನಾದ್ರೂ ಹೇಳೋದಿದೆಯಾ?"

ದರ್ಜಿ ಬಹಳ ಹೊತ್ತು ಅಳತೆಪಟ್ಟಿಯ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದ.

"ಶನಿವಾರ ಬೆಳಿಗ್ಗೆ ಗಾಡಿ ಹೊರಟಿದ್ದೇ ತಿಳೀಲಿಲ್ಲ ಸಾರ್. ಅವಳು ನಿದ್ದೇಲೇ ಇದ್ಲು. ಎಂಟೂವರೆಗೆ ತಾನಾಗೇ ಎದ್ಲು. ಅವತ್ತು ಒಂದು ಸಲಾನೂ ಬೀಳ್ಲಿಲ್ಲ. ನಾಲ್ಕು ತಿಂಗಳಲ್ಲಿ ಅದೊಂದೇ ದಿನ. ಮಧ್ಯಾಹ್ನ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದೆ, ಹಾಡ್ತಾ ಕೂತಿದ್ಲು. ಎಂಥಾ ಒಳ್ಳೇ ದಿನ ಅಂದ್ಕೊಂಡೆ ಸಾರ್. ಅಷ್ಟರಲ್ಲಿ ಪಕ್ಕದ ಮನೆಯಿಂದ ಆ ಹುಡುಗನ ಅಮ್ಮ ಕೂಗಿದ್ದು ಕೇಳಿಸ್ತು."

ದಫೇದಾರ್ ಪೆನ್ನು ಎತ್ತಿ ಹಿಡಿದಿದ್ದರು. "ಇದನ್ನೂ ಬರ್ಕೋಬೇಕಾ ಸಾರ್?"

"ಅವರು ಹೇಳಿದ ಹಾಗೇ ಬರ್ಕೊಳ್ಳಿ," ಎಂದರು ಇನ್‌ಸ್ಪೆಕ್ಟರ್.