ನೀರಿಗೆ ಬೀಳದ ಸಕ್ಕರೆ

ಬಾಗಿಲು ತೆರೆದ ಮುಷರಫನ ಕಣ್ಣು ಮೊದಲು ಉಜ್ಮಾಳ ಮುಖದ ಮೇಲೆ ಬಿತ್ತು... ಆಮೇಲೆ ಅವಳ ಕೈಯಲ್ಲಿದ್ದ ಸಕ್ಕರೆ ಪೊಟ್ಟಣದ ಮೇಲೆ!

ಅರಳುತ್ತಿದ್ದ ಮುಖ ಒಮ್ಮೆಲೇ ಬಾಡಿತು.

"ಮುಬಾರಕ್ ರೀ ಟೀಚರ್," ಎಂದು ಪೊಟ್ಟಣ ಇಸಿದುಕೊಂಡ.

"ಅದು... ಮುಸ್ಕಾನ್‌ಗ..."

"ಗೊತ್ತಾತು ಬಿಡ್ರಿ. ಭಾಳ ಛಲೋ ಆತು."

ಬಾಗಿಲು ಮುಚ್ಚಿತು! ಉಪ್ಪು, ಮರಳಿನ ಪೊಟ್ಟಣಗಳು ಅವಳ ಬ್ಯಾಗಿನಲ್ಲೇ ಉಳಿದವು.

'ಇದೇನಿದು! ಮುಬಾರಕ್ ಯಾತಕ್ಕ?'

ಬೈರಿದೇವರಕೊಪ್ಪದ ತನ್ನ ಮನೆಯ ಪಡಸಾಲೆಯಲ್ಲಿ ಉಜ್ಮಾ ಪುಟ್ಟ ಮಕ್ಕಳಿಗೆ ಕಲಿಸುತ್ತಿದ್ದಳು. ಪುಸ್ತಕವಿಲ್ಲ, ಪಾಟಿಯಿಲ್ಲ. ಡಬ್ಬಿಗೆ ಮುಚ್ಚಳ ಹೊಂದಿಸುವುದು, ತೊಗರಿ, ಹೆಸರುಕಾಳು ಬೇರೆ ಮಾಡುವುದು... ಅಡಿಗೆಮನೆಯಲ್ಲಿ ಸಿಕ್ಕಿದ್ದರಿಂದಲೇ ಮನೆಯಲ್ಲಿ ಮಾಡುವ ಆಟಗಳು. ಈ ವಾರದ ಆಟ, ನೀರಿನಲ್ಲಿ ಯಾವುದು ಕರಗುತ್ತದೆ?

ಉಳಿದ ಮಕ್ಕಳು ಆಟ ಮಾಡಿ ಬರುತ್ತಿದ್ದರು, ಅಷ್ಟೇ. ಮುಸ್ಕಾನ್ ಮಾತ್ರ ಪ್ರಶ್ನೆ ತರುತ್ತಿದ್ದಳು.

"ಟೀಚರ್, ಕಿತ್ತಳಿ ಹಣ್ಣು ನೀರಾಗ ತೇಲಿತು. ಸಿಪ್ಪಿ ಸುಲಿದ ಮ್ಯಾಲೆ ಯಾಕ ಮುಳುಗಿತು?"

ನಾಲ್ಕು ವರ್ಷದ ಕೂಸಿಗೆ ಇದು ತಾನೇ ಹೊಳೆಯುವ ಮಾತೇ? ಆ ಮನೆಯಲ್ಲಿ ಹೇಳಿಕೊಡುವವರು ಯಾರೋ ಇದ್ದಾರೆ... ಯಾರು? ಅದನ್ನು ಕಂಡುಹಿಡಿಯುವ ಆಸೆಯಿಂದಲೇ ಪೊಟ್ಟಣದ ನೆಪ ಮಾಡಿ ಹೋಗಿದ್ದಳು ನಮ್ಮ ಟೀಚರ್!

ಗದಗಿನಿಂದ ಬಂದಿದ್ದ ಮದುವೆ ಸಂಬಂಧಕ್ಕೆ ಶುಕ್ರವಾರದೊಳಗೆ ಉತ್ತರ ಹೇಳಬೇಕೆಂದು ಅಬ್ಬಾ ಹೇಳಿದ್ದರು. ಹುಡುಗ ಒಳ್ಳೆಯವನೇ. ಆದರೂ ಹ್ಞೂಂ ಎನ್ನಲು ಹೋದಾಗಲೆಲ್ಲ ಅವಳಿಗೆ ಆ ಪ್ರಶ್ನೆಗಳೇ ನೆನಪಾಗುತ್ತಿದ್ದವು.

ಮರುದಿನ ಮುಸ್ಕಾನ್‌ಳನ್ನು ಬಿಡಲು ಚಾಚಾ ಮುಷರಫ ಬರಲಿಲ್ಲ. ಅವಳ ದಾದಿ, ಎಂದರೆ ಮುಷರಫನ ತಾಯಿ ಶಹಜಹಾನಬೇಗಂ ಬಂದರು.

"ಸಕ್ಕರಿ ಕರಗಿತೇನು, ಮುಸ್ಕಾನ್?"

"ಮಾಡೇ ಇಲ್ಲ ಟೀಚರ್. ಮುಟ್ಟಬ್ಯಾಡ ಅಂದ ಚಾಚಾ. ಪ್ರಶ್ನಿನೂ ಹೇಳಿಕೊಡಲಿಲ್ಲ!"

ಚಾಚಾ!

ದಿನಾ ಬೆಳಗ್ಗೆ ಮಗುವನ್ನು ಇಳಿಸಿ, ತಲೆ ತಗ್ಗಿಸಿಕೊಂಡು ಹೋಗುವ ಆ ಸ್ಕೂಟರ್ ಮೆಕ್ಯಾನಿಕ್ಕೇ?

"ಲಗ್ನ ಯಾವಾಗ, ಬೇಟಿ?" ದಾದಿ ಕೇಳಿದರು.

"ಯಾರದ್ರಿ ಖಾಲಾ?"

"ನಿಂದ! ರಿಶ್ತಾ ಪಕ್ಕಾ ಆದವರು ಓಣ್ಯಾಗ ಸಕ್ಕರಿ ಹಂಚೂದಿಲ್ಲೇನು? ನಿನ್ನಿ ನೀನ ತಂದು ಕೊಟ್ಟಿಯಂತ. ಆವಾಗಿಂದ ನನ್ನ ಮಗ ಸರಿಯಾಗಿ ರೊಟ್ಟಿ ಮುಟ್ಟಿಲ್ಲ ನೋಡು."

"ಅಯ್ಯೋ ಖಾಲಾ! ಅದು ನೀರಾಗ ಹಾಕಾಕ ಕೊಟ್ಟದ್ದು!"

ಶಹಜಹಾನಬೇಗಂ ಬಾಯಿ ಮೇಲೆ ಸೆರಗು ಒತ್ತಿಕೊಂಡು ನಕ್ಕರು. ನಂತರ ಉಜ್ಮಾಳ ಕೆಂಪೇರಿದ ಮುಖವನ್ನೇ ನೋಡುತ್ತ ಚಾಪೆಯ ಮೇಲೆ ಕುಳಿತರು.

"ಮಕ್ಕಳನ್ನ ನಾ ನೋಡ್ತೀನಿ. ನೀನ ಹೋಗಿ ಹೇಳಿ ಬಾ."

ಗ್ಯಾರೇಜಿನಲ್ಲಿ ಮುಷರಫ ಬಿಚ್ಚಿದ ಸ್ಕೂಟರಿನ ಮುಂದೆ ಸುಮ್ಮನೆ ಕುಳಿತಿದ್ದ. ಗಾಳಿ ಗುದ್ದಿ ಮೈ ನೋಯಿಸಿಕೊಂಡವನ ಹಾಗೆ!

"ನನ್ನ ರಿಶ್ತಾ ಪಕ್ಕಾ ಆಗಿಲ್ರಿ. ಸಕ್ಕರಿ ಮುಸ್ಕಾನ್‌ನ ಆಟಕ್ಕ ಕೊಟ್ಟಿದ್ನಿ."

ಅವನು ಗಡಬಡಿಸಿ ಎದ್ದು ನಿಂತ. ಕೈಯಲ್ಲಿದ್ದ ಬೋಲ್ಟು ಬಿಚ್ಚುವ ಪಾನಾ ಠಣ್ಣೆಂದು ಕೆಳಗೆ ಬಿತ್ತು.

"ಖರೇ ಏನ್ರಿ?"

"ಖರೇ. ಈಗ ನೀವ ಹೇಳ್ರಿ, ಆ ಪ್ರಶ್ನಿ ಎಲ್ಲಾ ಯಾಕ ಕಳಸ್ತಿದ್ರಿ?"

ಅವನು ಕೈಯೊರೆಸಿಕೊಂಡ.

"ಒಂದ್ಸಲ ಖರೇನ ತಿಳೀಲಿಲ್ಲ, ಕೇಳಿದ್ನಿ. ನೀವು ಮುಸ್ಕಾನ್ ಕಡೆ ಉತ್ತರ ಕಳಿಸಿದ್ರಿ. ಆಕಿ ನಿಮ್ಮ ಹಂಗ ಕೈ ತಿರುವಿ ತಿರುವಿ ಹೇಳಿದ್ಲು... ಆಮ್ಯಾಲೆ ದಿನಾ ಹುಡುಕಾಕ ಹತ್ತಿದ್ನಿ. ನಿಮ್ಮ ಜೋಡಿ ಮಾತಾಡಾಕ ನನಗ ಬ್ಯಾರೆ ದಾರಿ ಗೊತ್ತಿರಲಿಲ್ರಿ."

ಉಜ್ಮಾಳ ಕಣ್ಣು ತುಂಬಿ ಬಂತು. ಇಷ್ಟು ದಿನ ತಾನು ಕಾಯುತ್ತಿದ್ದದ್ದು ಇವನನ್ನೇ ಎಂದು ಅವಳಿಗೆ ಈಗ ಸ್ಪಷ್ಟವಾಯಿತು.

"ಗದಗಿನವರಿಗೆ ಶುಕ್ರವಾರ ಉತ್ತರ ಹೇಳಬೇಕು. ಅದರೊಳಗ ನಿಮ್ಮ ಅಮ್ಮೀನ್ನ ನಮ್ಮ ಮನಿಗೆ ಕಳಿಸ್ರಿ," ಎಂದಳು ಮೆಲ್ಲಗೆ.

"ನಿಮ್ಮ ಅಬ್ಬಾ ಒಲ್ಲೆ ಅಂದ್ರ?"

"ಮೊದಲ ನನ್ನ ಕೇಳ್ತಾರಲ್ರಿ..."

"ಕೇಳಿದ್ರ?"

ಉಜ್ಮಾ ತಲೆ ಎತ್ತಿ ಅವನನ್ನು ನೇರವಾಗಿ ನೋಡಿದಳು.

"ಮುಷರಫನ್ನ ಬಿಟ್ಟು ಬ್ಯಾರೆ ಯಾರೂ ಬ್ಯಾಡ ಅಂತೀನಿ."