ತೊಗರಿ ಗಿಡದ ಒಕ್ಕಲು

ಕಾಯಿಕೊರಕ ಹುಳು ತೊಗರಿಯ ಎಳೆಗಾಯಿಗೆ ಬಾಯಿ ಹಾಕಿತು, ತಡವರಿಸಿತು, ಹಿಂದೆ ಸರಿದು ಕೆಳಗೆ ಬಿತ್ತು. ೨೦೫೮ರ ಕಾರ್ತಿಕದಲ್ಲಿ ಕಲಬುರಗಿಯ ಹೊಲವೊಂದರಲ್ಲಿ ನಿಂತು ನೋಡುತ್ತಿದ್ದ ರೈತರು ತಲೆದೂಗಿದರು.

"ಒಂದ್ ಹನಿ ಔಷಧ ಹೊಡಿಲಾರ್ದೆ ಹುಳ ಓಡಿಸ್ಯಾರ ನೋಡ್ರಿ ನಮ್ಮ ಬಾಯಾರು," ಎಂದ ಒಬ್ಬ.

ಬಾಯಾರು ಎಂದರೆ ಮೇಡಮ್ಮು, ಕೃಷಿ ವಿಜ್ಞಾನಿ ಡಾ. ತಹಸೀನ್. ಅವಳು ಕಂಡುಹಿಡಿದದ್ದು ಒಂದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿಯ ಸೂಕ್ಷ್ಮಜೀವಿ. ಅದು ಕಾಂಡದೊಳಗೇ ಬಾಳುತ್ತ, ಹುಳುವಿಗೆ ಮಾತ್ರ ಸೇರದ ಕಹಿಯನ್ನು ಕಾಯಿಗೆ ಕಳಿಸುತ್ತಿತ್ತು. ಬೀಜದ ಮೂಲಕ ಮುಂದಿನ ಪೈರಿಗೂ ದಾಟುತ್ತಿತ್ತು.

ಹಿಂದೆ ನಿಂತಿದ್ದ ಅವಳ ಗುರು ಡಾ. ಗುರುಪಾದ ಮುದಗಲ್ಲರಿಗೆ ಹೊಟ್ಟೆ ಉರಿಯಿತು. ಹುಳು ಕೊಲ್ಲುವ ಸಿಂಪಡಣೆಯೊಂದಕ್ಕೆ ಇಡೀ ಬದುಕು ಸವೆಸಿದವರು ಅವರು. ಯಾವ ರೈತನೂ ಅವರನ್ನು 'ನಮ್ಮವರು' ಎಂದಿರಲಿಲ್ಲ. ಸೂಕ್ಷ್ಮದರ್ಶಕ ಹಿಡಿಯುವುದನ್ನು ತಾವೇ ಕಲಿಸಿದ ಹುಡುಗಿಗೆ ಈ ಮರ್ಯಾದೆ. ಹೊಟ್ಟೆಕಿಚ್ಚಿಗೆ ವಯಸ್ಸು, ಪದವಿ ಒಂದೂ ತಿಳಿಯುವುದಿಲ್ಲ ನೋಡಿ.

ಮರುವರ್ಷ ಸರ್ಕಾರ ಇಬ್ಬರ ವಿಧಾನವನ್ನೂ ಅಕ್ಕಪಕ್ಕದಲ್ಲಿ ಪರೀಕ್ಷಿಸಲು ಹೇಳಿತು. ಗೆದ್ದದ್ದು ಜಿಲ್ಲೆಗೆಲ್ಲ, ಸೋತದ್ದು ಮೂಲೆಗೆ. ಬಿತ್ತನೆಯ ಹೊಣೆ ಗುರುಪಾದರದು. ಬೀಜಕ್ಕೆ ಬೂಷ್ಟುನಾಶಕ ಪುಡಿ ಹಚ್ಚಿ ಬಿತ್ತುವುದು ಹಳೆಯ ರೂಢಿ. ತಹಸೀನಳ ಬೀಜಕ್ಕೆ ಹಚ್ಚಬಾರದೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಹಚ್ಚಿದರು. ಒಂದು ಕಾಳೂ ತಪ್ಪಿಸಿಕೊಳ್ಳಬಾರದೆಂದು ಡಬ್ಬಿಯನ್ನೆಲ್ಲ ಸುರಿದರು. ತಮ್ಮ ಬೀಜಕ್ಕೆ ಚಿಟಿಕೆಯೂ ಉಳಿಯಲಿಲ್ಲ, ಹಾಗೇ ಬಿತ್ತಿದರು.

ಕಾಯಿ ಕಟ್ಟಿದಾಗ ಅವಳ ಪಾಲಿನ ಹೊಲದ ಪಟ್ಟಿಯನ್ನು ಹುಳು ಮುಕ್ಕಿತು. ಗುರುಪಾದರು ಒಳಗೊಳಗೇ ಹಿಗ್ಗಿದರು. ಆದರೆ ತಮ್ಮ ಪಟ್ಟಿಗೆ ಸಿಂಪಡಿಸಲು ಹೋದರೆ ಅಲ್ಲಿ ಹುಳುವೇ ಇಲ್ಲ. ಕಾಂಡ ಸೀಳಿ ಸೂಕ್ಷ್ಮದರ್ಶಕದಡಿ ಇಟ್ಟರು. ಒಳಗೆ ಬೂಷ್ಟಿನ ಎಳೆಗಳಿದ್ದವು. ತಹಸೀನಳದಲ್ಲ, ಬೇರೆಯೇ ಜಾತಿ. ಶೀತಪೆಟ್ಟಿಗೆಯಲ್ಲಿ ಕಾಪಿಟ್ಟ ಅವರ ಮೂಲ ಬೀಜದಲ್ಲಿ ಮೊದಲಿಂದಲೂ ಇದ್ದದ್ದು. ಪ್ರತಿ ವರ್ಷವೂ ಆ ಬೀಜ ತೆಗೆದು, ಪುಡಿ ಹಚ್ಚಿ ಒಳಗಿನ ಬೂಷ್ಟನ್ನು ತಾವೇ ಕೊಂದು, ಆಮೇಲೆ ಹುಳುವಿಗೆ ಔಷಧ ಹುಡುಕುತ್ತಿದ್ದರು.

ಇದನ್ನು ಹೊರಗೆ ಹೇಳಬೇಕಾದರೆ ಪುಡಿಯ ಕತೆಯನ್ನೂ ಹೇಳಬೇಕು. ಸುಮ್ಮನಿದ್ದರೆ ಗೆಲುವು ಅವರದೇ.

ತಹಸೀನ್ ಹಾಳಾದ ಪಟ್ಟಿಯ ಬದುವಿನಲ್ಲಿ ಕೂತಿದ್ದಳು. ಗುರುಪಾದರು ಪಕ್ಕದಲ್ಲಿ ಕೂತು, "ನಿನ್ನ ಬೀಜಕ್ಕ ನಾನೇ ಪುಡಿ ಹಚ್ಚೀನವಾ. ಹೊಟ್ಟಿಕಿಚ್ಚು ತಡ್ಕೊಳ್ಳಾಕ ಆಗ್ಲಿಲ್ಲ," ಎಂದರು. ಆಮೇಲೆ ಉಳಿದದ್ದನ್ನೂ ಹೇಳಿದರು.

ಅವಳು ಹುಳು ಕೊರೆದ ಕಾಯೊಂದನ್ನು ಕಿತ್ತು ಬಿಡಿಸಿದಳು.

"ಸಿಟ್ಟು ಅದ, ಸರ್. ಅದಕ್ಕಿಂತ ಹೊಟ್ಟಿ ಉರಿಯೋದ ಜಾಸ್ತಿ. ನಂದು ನಾ ಹೊರಗಿಂದ ತಂದು ಸೇರಿಸಿದ್ದು. ನಿಮ್ಮದು ತಾನಾಗೇ ಬಂದು ಇತ್ತು."

ಬೇರೆ ಬೆಳೆಗಳಲ್ಲೂ ಇಂಥ ಬೂಷ್ಟು ಇದ್ದಿರಬೇಕೆಂದು ಇಬ್ಬರೂ ಪುಡಿ ಕಾಣದ ಬೀಜ ಹುಡುಕುತ್ತ ಊರೂರು ಅಲೆದರು. ಜೋಳ, ಕಡಲೆ, ಹತ್ತಿ ಎಲ್ಲವೂ ಬೂಷ್ಟುನಾಶಕದ ಬಣ್ಣ ಮೆತ್ತಿದ ಅಂಗಡಿಯ ಬೀಜಗಳೇ.

"ಮೂವತ್ತು ವರ್ಷದ ಹಿಂದಾದ್ರ ಯಾರದಾದ್ರೂ ಮನ್ಯಾಗ ಪುಡಿ ಕಾಣದ ಬೀಜ ಇರ್ತಿತ್ತು," ಎಂದಳು ತಹಸೀನ್. "ಆಗಿನ ಮಂದಿ ಒಂದ್ ಹಿಡಿನೂ ತೆಗೆದಿಡಲಿಲ್ಲ."