ಅವಳ ಅಂಗೈ ಆರಿಸಿದ ಕಂಪ್ರೆಸರ್

"ಕೆಳಗಿಡ್ರೀ ಅದನ್ನ!"

ಆ ಕೂಗಿಗೆ ಯುವಕ ಬೆಚ್ಚಿಬಿದ್ದ. ಎದೆಗವಚಿಕೊಂಡಿದ್ದ ಕಂಪ್ರೆಸರ್ ಜಾರಿ ದೊಪ್ಪೆಂದು ಬಿತ್ತು. ಅವನ ಕಾಲ್ಬೆರಳು ಉಳಿದದ್ದೇ ಪುಣ್ಯ.

ಹಳೆಯ ಫ್ರಿಜ್ ಬಿಚ್ಚಿ ಮಾರುವ ಅಂಗಡಿಯ ಹಿತ್ತಲದು. ಬಾಗಿಲು ಕಳೆದುಕೊಂಡ ಫ್ರಿಜ್‌ಗಳ ನಡುವಿನಿಂದ, ಕೈಯ ಎಣ್ಣೆ ಒರೆಸಿಕೊಳ್ಳುತ್ತ ಬಂದವಳನ್ನು ಕಂಡು ಅವನು ಎರಡು ಹೆಜ್ಜೆ ಹಿಂದೆ ಸರಿದ.

"ದೊಡ್ಡದಿದೆ ಅಂತ ಎತ್ಕೊಂಡ್ರಾ? ಯಾವುದಕ್ಕೆ ಬೇಕು?"

"ಕಂಪ್ಯೂಟರ್ ತಣ್ಣಗಿಡೋಕೆ... ನಾನು ಕಾರ್ಟೂನ್ ಚಿತ್ರ ಮಾಡ್ತೀನಿ. ಕೆಲಸ ಜಾಸ್ತಿ ಆದ್ರೆ ಅದು ಕಾದು ಕಾದು ನಿಂತೇಬಿಡುತ್ತೆ. ಫ್ರಿಜ್ಜಿನ ಕಂಪ್ರೆಸರ್ರೇ ಜೋಡಿಸೋಣ ಅಂತ."

ಅವಳಿಗೆ ನಗು ತಡೆಯಲಾಗಲಿಲ್ಲ. "ಕಂಪ್ಯೂಟರಿಗೆ ಜ್ವರ ಅನ್ನಿ!"

ನಗುತ್ತಲೇ ಕೆಲಸಕ್ಕಿಳಿದಳು. ಕೆಲಸಕ್ಕಿಳಿದಾಗ ಅವಳನ್ನು ನೋಡಬೇಕು! ಒಂದೊಂದನ್ನೂ ಚಾಲೂ ಮಾಡಿ ಅದರ ಮೈಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುವಳು. ಗಾಳಿ ದೂಡುವ ಕೊಳವೆಯ ಬಾಯಿಗೆ ಹೆಬ್ಬೆರಳು ಒತ್ತಿ ಅದರ ದಮ್ಮು ನೋಡುವಳು. ಒಳಗಿನ ಎಣ್ಣೆಯ ಒಂದು ಹನಿ ಬೆರಳಿಗೆ ಹಚ್ಚಿ ಮೂಸುವಳು. ಸುಟ್ಟ ವಾಸನೆ ಬಂತೋ, ಅದು ಸೀದಾ ಗುಜರಿಗೆ.

ಐದನೆಯದರ ಮೇಲೆ ಅವಳ ಅಂಗೈ ನಿಂತಿತು.

"ಇದು ತಗೊಳ್ಳಿ. ಅಂಗಡೀಲಿ ಗಾಜಿನ ಬಾಗಿಲಿನ ಕೂಲರ್ ಇರುತ್ತಲ್ಲ, ಅದ್ರದ್ದು. ದಿನಕ್ಕೆ ನೂರು ಸಲ ಬಾಗಿಲು ತೆಗೀತಾರೆ. ಪುರುಸೊತ್ತಿಲ್ದೆ ದುಡಿದು ಅಭ್ಯಾಸ. ಮನೆ ಫ್ರಿಜ್ಜಿನದು ಆಗಾಗ ನಿದ್ದೆ ಹೊಡೆಯುತ್ತೆ, ನಿಮಗದು ಆಗಿಬರಲ್ಲ. ನೆಟ್ಟಗೆ ನಿಲ್ಲಿಸ್ಕೊಂಡೇ ಹೋಗಿ. ಮಲಗಿಸಿದ್ರೆ ಎಣ್ಣೆ ಕೊಳವೆಗೆ ಹರಿದು ಕೆಡುತ್ತೆ."

ಅವನು ಕಣ್ಣರಳಿಸಿ ಕೇಳಿದ. ಆಮೇಲೆ ಚೀಲದಿಂದ ಕರೆಂಟ್ ಅಳೆಯುವ ಮೀಟರ್ ತೆಗೆದು ತಂತಿಗೆ ಹಿಡಿದು, ಪುಟ್ಟ ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡ.

ಅವಳ ಮುಖ ಚಿಕ್ಕದಾಯಿತು. 'ನನ್ನ ಕೈ ಮೇಲೆ ನಂಬಿಕೆ ಇಲ್ವಾ ಇವನಿಗೆ?'

ಅಂಗಡಿ ಅವಳ ದೊಡ್ಡಪ್ಪನದು. "ನೀನು ಆರಿಸಿದ್ದು ಒಂದೇ ಒಂದು ವಾಪಸ್ ಬರಲಿ, ಬೇರೆ ಮೇಸ್ತ್ರಿನ ಇಡ್ತೀನಿ. ನೀನು ರಸೀದಿ ಬರೀತಾ ಕೂತ್ಕೋ" ಎಂದು ಅವರು ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದರು. ಎರಡು ವರ್ಷದಿಂದ ಒಂದೂ ವಾಪಸ್ ಬಂದಿರಲಿಲ್ಲ. ಆರಿಸುವ ಕೆಲಸವೆಂದರೆ ಅವಳಿಗೆ ಪ್ರಾಣ.

ಕಾರ್ಟೂನಿನವನು ಮುಂದಿನ ಶನಿವಾರವೂ ಬಂದ. "ಗೆಳೆಯನಿಗೊಂದು ಬೇಕಿತ್ತು..." ಅದರ ಮುಂದಿನ ಶನಿವಾರ ಇನ್ನೊಬ್ಬ ಗೆಳೆಯನಿಗೆ. ಹೀಗೇ ಹನ್ನೊಂದು ವಾರ! ಬಂದಾಗಲೆಲ್ಲ ಅದೇ ಮೀಟರ್, ಅದೇ ನೋಟ್‌ಬುಕ್. ಶನಿವಾರ ಬಂತೆಂದರೆ ಅವಳ ಕಣ್ಣು ಬಾಗಿಲಲ್ಲೇ ಇರುತ್ತಿತ್ತು. ಆದರೆ ಅವನು ಆ ಪುಸ್ತಕ ತೆಗೆದನೋ, ಮೈಯೆಲ್ಲ ಉರಿ!

ಆಮೇಲೊಂದು ಸೋಮವಾರ ಅವನು ಅಚಾನಕ್ಕಾಗಿ ಬಂದ. ಕೈಯಲ್ಲಿ ಮೊನ್ನೆಯಷ್ಟೇ ಒಯ್ದ ಕಂಪ್ರೆಸರ್.

"ಇದು... ನಿಂತೋಗಿದೆ."

ಅವಳು ಗಲ್ಲಾದ ಕಡೆ ತಿರುಗಿ ನೋಡಿದಳು.

ದೊಡ್ಡಪ್ಪ ಗಲ್ಲಾ ಬಿಟ್ಟು ಎದ್ದೇ ಬಂದರು. "ವಾಪಸ್ ಬಂತಲ್ಲ! ಇವತ್ತಿಂದ ನೀನು ರಸೀದಿ ಪುಸ್ತಕ ಹಿಡಿ."

ಅವಳಿಗೆ ಅಳು, ಸಿಟ್ಟು ಒಟ್ಟಿಗೇ ಉಕ್ಕಿತು. "ಸಮಾಧಾನ ಆಯ್ತೇನ್ರೀ? ಇಷ್ಟು ದಿನ ಪುಸ್ತಕ ಇಟ್ಕೊಂಡು ನನ್ನ ತಪ್ಪು ಹುಡುಕ್ತಿದ್ರಲ್ಲ, ಸಿಕ್ತಲ್ಲ ಕೊನೆಗೂ!"

"ಅಯ್ಯೋ, ಪೂರ್ತಿ ಕೇಳಿ! ನಾನು ವಾಪಸ್ ಕೊಡೋಕೆ ಬಂದಿಲ್ಲ, ಕ್ಷಮೆ ಕೇಳೋಕೆ ಬಂದೆ. ಮೊನ್ನೆ ಆತುರದಲ್ಲಿ ಗಾಡಿ ಮೇಲೆ ಇದನ್ನ ಮಲಗಿಸಿ ಕಟ್ಕೊಂಡು ಹೋದೆ. ಮನೆ ಮುಟ್ಟಿದ ತಕ್ಷಣ, ಎಣ್ಣೆ ಕೆಳಗಿಳಿಯೋಕೂ ಬಿಡದೆ, ನೋಡೋಣ ಅಂತ ಚಾಲೂ ಮಾಡ್ದೆ. ನೀವು ಬಡ್ಕೊಂಡಿದ್ರೂ ಕೇಳ್ಲಿಲ್ಲ. ತಪ್ಪು ಪೂರ್ತಿ ನಂದು."

ಅವಳು ಬಗ್ಗಿ ನೋಡಿದಳು. ಹಗ್ಗ ಉಜ್ಜಿದ ಗುರುತು ಒಂದೇ ಮಗ್ಗುಲಿಗಿತ್ತು. ಕೊಳವೆಯ ಬಾಯೆಲ್ಲ ಎಣ್ಣೆ. ಹೋದ ಜೀವ ಬಂದಂತಾಯಿತು ಅವಳಿಗೆ!

"ಹಾಗಾದ್ರೆ ಆ ಪುಸ್ತಕದಲ್ಲಿ ಏನಪ್ಪಾ ಬರೀತಿದ್ದೆ?" ದೊಡ್ಡಪ್ಪ ಕೈಚಾಚಿದರು. ಅವನು ನಾಚುತ್ತ ಕೊಟ್ಟ. ಅವರು ಕನ್ನಡಕ ಏರಿಸಿ ಗಟ್ಟಿಯಾಗಿ ಓದತೊಡಗಿದರು.

"ಒಂದು: ಅವರು ಹೇಳಿದ್ದೇ ಸರಿ. ಎರಡು: ಮೀಟರಿಗಿಂತ ಮುಂಚೆ ಅವರ ಕೈಗೆ ಗೊತ್ತಾಯ್ತು. ಏಳು: ಮೀಟರ್ ಬೇರೆ ತೋರಿಸ್ತು. ಮೀಟರಿನ ಬ್ಯಾಟರಿ ಮುಗಿದಿತ್ತು. ಅವರೇ ಸರಿ. ಒಂಬತ್ತು: ಅವರ ಮೂಗಿನ ಮೇಲೆ ಎಣ್ಣೆ ಮೆತ್ತಿತ್ತು. ಹೇಳಬೇಕು ಅನ್ನಿಸಲಿಲ್ಲ, ಎಷ್ಟು ಚೆನ್ನಾಗಿ..."

ದೊಡ್ಡಪ್ಪ ಕೆಮ್ಮಿ ಪುಸ್ತಕ ಮುಚ್ಚಿದರು.

"ಆರಿಸೋ ಕೆಲಸ ನಿಂದೇ ಕಣಮ್ಮ. ನನ್ನ ನಾಲಿಗೇನೇ ಸ್ವಲ್ಪ ಉದ್ದ ಆಯ್ತು" ಎನ್ನುತ್ತ ಅವರು ಬೇಕೆಂದೇ ಒಳಗೆ ಹೋದರು.

ಹಿತ್ತಲಲ್ಲಿ ಇಬ್ಬರೇ ಉಳಿದರು. ಅವಳು ತಲೆ ಎತ್ತದೆ ಕೇಳಿದಳು. "ನಿಮಗೆ ಹತ್ತು ಜನ ಗೆಳೆಯರಾ?"

"ಗೆಳೆಯರೂ ಇಲ್ಲ, ಮಣ್ಣೂ ಇಲ್ಲ... ಒಂಬತ್ತು ಕಂಪ್ರೆಸರ್ ನಮ್ಮನೆ ಮಂಚದ ಕೆಳಗೆ ಬಿದ್ದಿವೆ. ಅಮ್ಮ ದಿನಾ ಮಂಗಳಾರತಿ ಎತ್ತುತ್ತಾಳೆ. ನನಗಿರೋದು ಒಂದೇ ಕಂಪ್ಯೂಟರ್. ಅದಕ್ಕೆ ನೀವು ಕೊಟ್ಟ ಮೊದಲನೇದು ಇವತ್ತಿಗೂ ಚೆನ್ನಾಗಿ ನಡೀತಿದೆ."

"ಮತ್ತೆ ಯಾಕೆ...?"

"ನೀವಂದ್ರೆ ನಂಗೆ ತುಂಬಾ ಇಷ್ಟ. ನಿಮ್ಮ ಕೆಲಸ ನೋಡ್ತಾ ನಿಂತ್ರೆ ಹೊತ್ತು ಹೋಗೋದೇ ಗೊತ್ತಾಗಲ್ಲ. ಹೇಳೋಕೆ ಧೈರ್ಯ ಇರ್ಲಿಲ್ಲ. ಬರೋಕೆ ಏನಾದ್ರೂ ನೆಪ ಬೇಕಿತ್ತಲ್ಲ..."

ಅವಳ ಕಣ್ಣು ತುಂಬಿತು. ಇಷ್ಟು ದಿನ ತನ್ನ ಕೈಯನ್ನು ಎಲ್ಲರಿಗಿಂತ ಹೆಚ್ಚು ನಂಬಿದವನ ಮೇಲೆಯೇ ಎಂಥ ಕೋಪ ಸಾಧಿಸಿದ್ದಳು! ಆದರೂ ಬಿಗುಮಾನ ಬಿಡದೆ ಹೇಳಿದಳು.

"ಇನ್ಮೇಲೆ ಕಂಪ್ರೆಸರ್ ಬೇಕು ಅಂತ ಇಲ್ಲಿಗೆ ಬರಬೇಡಿ."

ಅವನ ಮುಖ ಬಾಡಿತು. "ಬರಲೇಬಾರದಾ?"

"ಬನ್ನಿ..." ಅವಳು ನಕ್ಕು, ಎಣ್ಣೆಗೈಯಲ್ಲೇ ಅವನ ಬೆರಳು ಹಿಡಿದಳು. "ಸುಮ್ನೆ ಬನ್ನಿ."